ಬಚ್ಚಲೊಲೆಗೆ ಹೋದ ರಶೀದಿಗಳು

ಪ್ರೀತಿಯ ಪುಟ್ಟೀ,

ಫೋನಿನಲ್ಲಿ ಆದ ಜಗಳವನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ. ನಿನ್ನ ಅಮ್ಮ ಎರಡು ದಿನದಿಂದ ನನ್ನ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಾಳೆ.

ಡ್ಯಾಮಿನ ನೀರಿನಲ್ಲಿ ಮುಳುಗಿದ ನಮ್ಮ ಊರಿನ ಜಮೀನಿನ ದಾಖಲೆ ಹುಡುಕಿ ನೀನು ಕಳಿಸಿದ ಫೋಟೋವನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿ ಮಾಡಿ ನೋಡಿದೆ. ಶಾಯಿ ಹರಡಿದೆ, ಅಂಚನ್ನು ಹುಳ ತಿಂದಿದೆ. ಆದರೂ ಆ ಒಂದು ಸಾಲು ಓದಲು ಬರುತ್ತದೆ. ಸರ್ವೆ ನಂಬರು, ಎಕರೆ, ಗುಂಟೆ, ಆಮೇಲೆ ಒಂದು ಹೆಂಗಸಿನ ಹೆಸರು, ಅದರ ಪಕ್ಕ ಕೋಂ, ಆಮೇಲೆ ನನ್ನ ಅಜ್ಜನ ಹೆಸರು. ಕೋಂ ಅಂದರೆ ಏನಪ್ಪಾ ಅಂತ ಕೇಳಿದ್ದೀಯ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ನನ್ನ ಅಜ್ಜ ತೀರಿಕೊಂಡ ಮೇಲೆ ಖಾತೆ ಅವಳ ಹೆಸರಿಗೆ ಬಂದಿರಬೇಕು. ನಿನ್ನ ಮುತ್ತಜ್ಜಿ ಅವಳು. ಮನೆಯಲ್ಲಿ ಎಲ್ಲರಿಗೂ ಅಮ್ಮಮ್ಮ ಅಷ್ಟೇ. ಅವಳಿಗೆ ಅಂತ ಒಂದು ಹೆಸರು ಇತ್ತು ಅನ್ನುವುದು ನನಗೆ 68ನೇ ವಯಸ್ಸಿನಲ್ಲಿ ಮಗಳು ಕಳಿಸಿದ ಫೋಟೋದಿಂದ ಗೊತ್ತಾಯಿತು. ಹೆಮ್ಮೆ ಆಯಿತು. ಸ್ವಲ್ಪ ನಾಚಿಕೆಯೂ ಆಯಿತು.

ಈಗ ನಿನ್ನ ಪ್ರಶ್ನೆ. ಕಂದಾಯ ಕಟ್ಟಿದ ಒಂದು ರಶೀದಿಯಾದರೂ ಇಟ್ಟುಕೊಳ್ಳಬಾರದಿತ್ತಾ ಅಂದೆ.

ಒರಲೆ ತಿಂದಿತು ಅಂತ ನಾನು ನಿನಗೆ ಹೇಳಿದ್ದು ಸುಳ್ಳು.

1994ರ ಮಳೆಗಾಲ. ನೀನಿನ್ನೂ ತೊಟ್ಟಿಲಲ್ಲಿದ್ದೆ. ಎಂಟು ದಿನದಿಂದ ಬಿಡದ ಮಳೆ, ಸೌದೆ ಪೂರ್ತಿ ಒದ್ದೆ. ಬಚ್ಚಲೊಲೆ ಊದಿ ಊದಿ ನನ್ನ ಕಣ್ಣು ಕೆಂಪಾಗಿತ್ತು. ನಿನಗೆ ಎರೆಯಲು ಬಿಸಿನೀರು ಬೇಕಿತ್ತು. ಅಟ್ಟಕ್ಕೆ ಹತ್ತಿ ಕೈಗೆ ಸಿಕ್ಕ ಒಣ ಕಾಗದ ತಂದೆ. ಅದರಲ್ಲಿ ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, ಕಂದಾಯದ ರಶೀದಿಗಳನ್ನು ತಂತಿಗೆ ಚುಚ್ಚಿಟ್ಟಿದ್ದ ಕಟ್ಟೂ ಇತ್ತು. ಬಿಚ್ಚಲೂ ಇಲ್ಲ, ತಂತಿ ಸಮೇತ ಒಲೆಗೆ ತುರುಕಿದೆ. ಒಳ್ಳೆಯ ಕಾಗದ. ಚೆನ್ನಾಗಿ ಉರಿಯಿತು.

ಆ ಕಟ್ಟು ಏನು ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. 1962ರಲ್ಲಿ ಊರು ಬಿಟ್ಟಾಗ ನನಗೆ ಐದು ವರ್ಷ. ಹೆಂಚು, ಬಾಗಿಲು, ದನದ ಗೊಂತು ಎಲ್ಲಾ ಕಿತ್ತು ಲಾರಿಗೆ ಹಾಕಿದ್ದರು. ಅಜ್ಜ ಮಾತ್ರ ಒಂದು ಪಂಚೆಯ ಗಂಟು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು, ಯಾರಿಗೂ ಕೊಡಲಿಲ್ಲ. ತಿಂಡಿ ಇರಬಹುದು ಅಂತ ನಾನು ದಾರಿಯುದ್ದ ಅದನ್ನೇ ನೋಡುತ್ತಿದ್ದೆ.

ಅವತ್ತು ಸಂಜೆ ಅಜ್ಜ ಸ್ನಾನಕ್ಕೆ ಬಂದರು. ಒಲೆ ಮುಂದೆ ಬಗ್ಗಿ ನೋಡಿದರು. ಬೂದಿಯಲ್ಲಿ ಆ ತಂತಿ ಸುರುಳಿ ಸುತ್ತಿ ಬಿದ್ದಿತ್ತು. ತುಂಬಾ ಹೊತ್ತು ನೋಡಿದರು. ನಾನು ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ. ಒಂದೂ ಮಾತಾಡದೆ ಅದೇ ಹಂಡೆಯ ನೀರು ತೋಡಿಕೊಂಡು ಮಿಂದರು. ಬೈದಿದ್ದರೆ ಇಷ್ಟು ವರ್ಷ ಇದು ನನ್ನ ಒಳಗೆ ಕೂರುತ್ತಿರಲಿಲ್ಲ.

ಆಗ ಆ ಕಾಗದಕ್ಕೆ ಬೆಲೆ ಇದೆ ಅಂತ ಯಾರಿಗೆ ಅನಿಸಿತ್ತು ಹೇಳು. ಶರಾವತಿಯ ಲಿಂಗನಮಕ್ಕಿ ಡ್ಯಾಮು 1964ರಲ್ಲಿ ಮುಗಿದು ಊರು ನೀರಿನಡಿ ಹೋಗಿತ್ತು. ಇಲ್ಲಿ ಕಾಡು ಕಡಿದು ಮನೆ ಕಟ್ಟಿದ ಮೊದಲ ಸಂಸಾರ ನಮ್ಮದು, ಕೇಳುವವರು ಯಾರು ಅಂದುಕೊಂಡಿದ್ದೆವು. ಕಾಗದದಲ್ಲಿ ಜಾಗ ಕಾಡಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಕಾಯ್ದೆ ಬಂತು, ಕೇಂದ್ರ ಒಪ್ಪದೆ ಒಂದು ಗುಂಟೆಯನ್ನೂ ಬಿಡುವ ಹಾಗಿಲ್ಲ ಅಂದರು. 2006ರ ಅರಣ್ಯ ಹಕ್ಕು ಕಾಯ್ದೆ ನೋಡಿದರೆ, ಬುಡಕಟ್ಟಿನವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ಇದ್ದದ್ದಕ್ಕೆ ಸಾಕ್ಷಿ ಬೇಕು. 75 ವರ್ಷ ನಾವು ಇದ್ದದ್ದು ನೀರಿನಡಿ ಇರುವ ಊರಿನಲ್ಲಿ, ಪುಟ್ಟೀ. ಇಲ್ಲಿಗೆ ಬಂದದ್ದೇ 1962ರಲ್ಲಿ.

ಹಾಗಂತ ನೀನು ಹುಡುಕುವುದು ಬೇಡ ಅನ್ನುತ್ತಿಲ್ಲ. ಹುಡುಕು. ಆದರೆ ಕಂಪ್ಯೂಟರ್ ಪಹಣಿ ಕೇಳಿ ದಿನ ಹಾಳು ಮಾಡಬೇಡ, ಅದು ಬರುವ ಹೊತ್ತಿಗೆ ನಮ್ಮ ಊರು ಮುಳುಗಿ 35 ವರ್ಷ ದಾಟಿತ್ತು. ಕೈಬರಹದ ಪಹಣಿ, ಖಾತೆ ಬದಲಾದದ್ದನ್ನು ಬರೆಯುವ ಮ್ಯುಟೇಶನ್ ಪುಸ್ತಕ, ಸರ್ವೆ ನಂಬರುವಾರು ವಿಸ್ತೀರ್ಣ ಮತ್ತು ಕಂದಾಯ ಬರೆದ ಆಕಾರಬಂದ್ ಕೇಳು. ಭೂಸ್ವಾಧೀನದ ಪ್ರಕಟಣೆಯಲ್ಲಿ ಸರ್ವೆ ನಂಬರಿನ ಜೊತೆ ಖಾತೆದಾರರ ಹೆಸರೂ ಇರುತ್ತದೆ. ಆ ಪ್ರಕಟಣೆ ಇರುವ ಹಳೇ ರಾಜ್ಯಪತ್ರ, ಅಂದರೆ ಸರ್ಕಾರದ ಗೆಜೆಟ್, ನೋಡಲು ವಿಧಾನಸೌಧದ ಪತ್ರಾಗಾರಕ್ಕೆ ಹೋಗು, ನೀನಿರುವುದು ಬೆಂಗಳೂರಿನಲ್ಲೇ ಅಲ್ವಾ. ಒಂದೇ ಹೆಸರನ್ನು ಮೂರು ಕಾಗುಣಿತದಲ್ಲಿ ಹುಡುಕು, ಶಾನುಭೋಗರು ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾರೆ. ಶಾಲೆಯ ಅಡ್ಮಿಶನ್ ರಿಜಿಸ್ಟರ್ ಮರೀಬೇಡ, ನಾನು ಒಂದನೇ ಕ್ಲಾಸಿಗೆ ಸೇರಿದಾಗ ಅಜ್ಜ ನಮ್ಮ ಹಳೇ ಊರಿನ ಹೆಸರನ್ನೇ ಬರೆಸಿದ್ದರು. ಸಿಕ್ಕಿದ್ದಕ್ಕೆಲ್ಲಾ ದೃಢೀಕೃತ ನಕಲು ತಗೋ, ಫೋಟೋ ಯಾರೂ ಒಪ್ಪುವುದಿಲ್ಲ. ಮಧ್ಯಾಹ್ನ ಊಟ ಬಿಡಬೇಡ. ಗುಮಾಸ್ತರ ಮೇಲೆ ರೇಗಬೇಡ, ಆ ಸಿಟ್ಟು ನನ್ನಿಂದ ಬಂದದ್ದು, ಗೊತ್ತು. ರಜೆ ಎಲ್ಲಾ ಇದಕ್ಕೇ ಮುಗಿಸಬೇಡ. ನೋಡು, ಕ್ಷಮೆ ಕೇಳಲು ಕೂತವನು ಪಾಠ ಶುರು ಮಾಡಿದೆ.

ಮೇ ತಿಂಗಳಲ್ಲಿ ನೀರು ಇಳಿದಾಗ ಹಳೇ ಮನೆಯ ಅಡಿಪಾಯ ಹುಡುಕಿಕೊಂಡು ಹೋಗುತ್ತೇನೆ ಅಂದೆಯಲ್ಲ, ಅದೊಂದು ಮಾತಿಗೆ ನನಗೆ ನಿದ್ದೆ ಬರುತ್ತಿಲ್ಲ. ಪೇಪರಿನಲ್ಲಿ ನಾನು ಈಗಲೂ ಮೊದಲು ನೋಡುವುದು ಡ್ಯಾಮಿನ ಮಟ್ಟವನ್ನೇ. ತುಂಬಿದರೆ 1819 ಅಡಿ. ತೀರಾ ಇಳಿದ ವರ್ಷ ಹಿನ್ನೀರಿನಲ್ಲಿ ಮುಳುಗಿರುವ ಹಿರೇಭಾಸ್ಕರದ ಹಳೇ ಅಣೆಕಟ್ಟೇ ಮೇಲೆ ಕಾಣುತ್ತದೆ, ಜನ ಜಾತ್ರೆಗೆ ಹೋದ ಹಾಗೆ ಹೋಗುತ್ತಾರೆ. ಹಿನ್ನೀರಿನ ಕೆಸರು ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಸೊಂಟದವರೆಗೆ ಎಳೆಯುತ್ತದೆ. ಒಬ್ಬಳೇ ಹೋಗಬೇಡ. ನಾನೂ ಬರುತ್ತೇನೆ, ಮಂಡಿನೋವು ಇದ್ದರೂ.

ಇನ್ನೊಂದು ವಿಷಯ. ಅಜ್ಜ ಮಾರನೇ ದಿನ ಬೂದಿಯಿಂದ ಆ ತಂತಿ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ, ನೆಟ್ಟಗೆ ಮಾಡಿ, ಜಗಲಿಯ ಮೊಳೆಗೆ ನೇತುಹಾಕಿದರು. ಆ ತಿಂಗಳ ಕರೆಂಟ್ ಬಿಲ್ ಅದಕ್ಕೆ ಚುಚ್ಚಿದರು. ಅವರು ಹೋದ ಮೇಲೆ ನಾನು ಚುಚ್ಚುತ್ತಾ ಬಂದಿದ್ದೇನೆ. 1994ರಿಂದ ಒಂದೂ ತಪ್ಪಿಲ್ಲ. ನಿನಗೆ ಯಾವ ಉಪಯೋಗಕ್ಕೆ ಬರುತ್ತದೋ ಗೊತ್ತಿಲ್ಲ. ಬಂದಾಗ ತಗೊಂಡು ಹೋಗು.

ನಿನ್ನ
ಅಪ್ಪ