ತಪ್ಪು ಒಂದೇ, ತಿಳಿಸುವ ರೀತಿ ಮಾತ್ರ ಬೇರೆ ಬೇರೆ

ಮಾನ್ಯ ಸಂಪಾದಕರೇ,

ಅಳತೆಯ ಉಪಕರಣಗಳಿಂದ ಬರುವ ಸಂಖ್ಯೆಗಳ ಲೆಕ್ಕ ಮಾಡುವ ಪ್ರೋಗ್ರಾಂಗಳನ್ನು ನಾನು ಸಿ ಭಾಷೆಯಲ್ಲಿ ಬರೆಯುತ್ತೇನೆ. ಈಚೆಗೆ ಅಂಥದ್ದೊಂದನ್ನು ಬೇರೆ ಸಿಸ್ಟಮ್‌ಗೆ ಹಾಕಿದೆವು. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಸೊನ್ನೆಗೆ ಲಾಗ್ (ಲಾಗರಿದಮ್) ತೆಗೆದಾಗ ಬರುತ್ತಿದ್ದ ಎಚ್ಚರಿಕೆ ಅಲ್ಲಿ ಬರಲೇ ಇಲ್ಲ.

ಕಾರಣ ಗಣಿತ ಲೈಬ್ರರಿಯಲ್ಲಿದೆ, ಅಂದರೆ ಲಾಗ್‌ನಂಥ ಲೆಕ್ಕಗಳ ಸಿದ್ಧ ಕೋಡ್‌ನಲ್ಲಿ. ಹಳೆಯ ಪದ್ಧತಿಯಂತೆ ನಮ್ಮ ಕೋಡ್ 'ಎರ್‌ನೋ' (errno, ತಪ್ಪಿನ ಸಂಖ್ಯೆ ಇಡುವ ಜಾಗ) ನೋಡುತ್ತಿತ್ತು. ಹಳೆಯ ಸಿಸ್ಟಮ್‌ನ ಜಿಲಿಬ್‌ಸಿ (glibc) ಲೈಬ್ರರಿ ಲಾಗ್‌ಗೆ 0 ಕೊಟ್ಟರೆ ಎರ್‌ನೋ ಬದಲಾಯಿಸುತ್ತದೆ, ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ) ಲೆಕ್ಕದಲ್ಲಿ ಏನೋ ಎಡವಟ್ಟಾಯಿತೆಂದು ಗುರುತಿಡುವ ಫ್ಲ್ಯಾಗನ್ನೂ ಎತ್ತುತ್ತದೆ. ಹೊಸದರ ಮಸಲ್ (musl) ಲೈಬ್ರರಿ ಫ್ಲ್ಯಾಗ್ ಮಾತ್ರ ಎತ್ತುತ್ತದೆ, ಎರ್‌ನೋ ಮುಟ್ಟುವುದಿಲ್ಲ. ಎರಡೂ ನಿಯಮಕ್ಕೆ ಸರಿಯೇ! ಏಕೆಂದರೆ 1999ರ ಸಿ ಸ್ಟ್ಯಾಂಡರ್ಡ್ ಎರ್‌ನೋ, ಫ್ಲ್ಯಾಗ್ ಅಥವಾ ಎರಡೂ ಎಂದು ಲೈಬ್ರರಿ ಬರೆಯುವವರ ಇಷ್ಟಕ್ಕೇ ಬಿಟ್ಟಿದೆ. ಯಾವುದು ಎಂದು ತಿಳಿಯಲು 'ಮ್ಯಾಥ್ ಎರ್‌ಹ್ಯಾಂಡ್ಲಿಂಗ್' ಎಂಬ ಮ್ಯಾಕ್ರೋ (ಕೋಡ್‌ನಲ್ಲಿ ಬಳಸುವ ಸಿದ್ಧ ಹೆಸರು) ಇದೆ. ಅದನ್ನು ಎಷ್ಟು ಜನ ನೋಡುತ್ತಾರೆ?

ಎಚ್ಚರಿಕೆ ತಪ್ಪಿದರೆ ಏನಾಗುತ್ತದೆ ಅಂದರೆ, ಲಾಗ್‌ನಿಂದ ಮೈನಸ್ ಇನ್ಫಿನಿಟಿ (ಋಣ ಅನಂತ) ಬರುತ್ತದೆ. ಅಂಥ ಒಂದರಿಂದ ಇನ್ನೊಂದನ್ನು ಕಳೆದರೆ 'ನ್ಯಾನ್' (NaN, ಸಂಖ್ಯೆಯೇ ಅಲ್ಲದ ಉತ್ತರ). ನ್ಯಾನ್ ಮಿತಿಗಿಂತ ಜಾಸ್ತಿಯೇ ಎಂದು ಕೇಳಿದರೆ ಉತ್ತರ ಯಾವಾಗಲೂ 'ಇಲ್ಲ'. ಹಾಗಾಗಿ ಮಿತಿ ಮೀರಿದಾಗ ಕೂಗಬೇಕಾದ ಅಲಾರಂ ಸುಮ್ನೆ ಕೂತಿರುತ್ತದೆ. ಇದು ಚಿಕ್ಕ ವಿಷಯವಲ್ಲ.

ಇದು ಸಿ ಭಾಷೆಯದ್ದು ಮಾತ್ರವಲ್ಲ. ಪೈಥಾನ್‌ನಲ್ಲಿ ಮ್ಯಾಥ್ ಮಾಡ್ಯೂಲ್‌ನ ಎಕ್ಸ್‌ಪ್‌ಗೆ (exp, e ಎಂಬ ಸಂಖ್ಯೆಯ ಘಾತ) 1000 ಕೊಟ್ಟರೆ, ಉತ್ತರ ಹಿಡಿಸಲಾರದಷ್ಟು ದೊಡ್ಡದು ಎಂಬ ಓವರ್‌ಫ್ಲೋ ಎರರ್ ಬರುತ್ತದೆ. ಆದರೆ 1e308 (10ರ 308ನೇ ಘಾತ) ಅನ್ನು 10ರಿಂದ ಗುಣಿಸಿದರೆ ಸದ್ದಿಲ್ಲದೆ ಇನ್ಫಿನಿಟಿ ಸಿಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೈನಸ್ 1ರ ವರ್ಗಮೂಲ ಕೇಳಿದರೆ ನ್ಯಾನ್ ಬರುತ್ತದೆ, ಎರರ್ ಇಲ್ಲ. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್‌ನಲ್ಲಿ ಲೆಕ್ಕದ ವೇಗ ಹೆಚ್ಚಿಸುವ 'ಫಾಸ್ಟ್ ಮ್ಯಾಥ್' ಆಯ್ಕೆ ಹಾಕಿದರಂತೂ ನ್ಯಾನ್ ಬರುವುದೇ ಇಲ್ಲ ಎಂದು ಕಂಪೈಲರ್ ನಂಬಿಬಿಡುತ್ತದೆ. ನಾವು ಬರೆದ ನ್ಯಾನ್ ಪರೀಕ್ಷೆಯನ್ನೇ ಅದು ಕಿತ್ತು ಹಾಕಬಹುದು.

ನನ್ನ ಮಟ್ಟಿಗೆ ಫ್ಲ್ಯಾಗ್‌ಗಳೇ ಮೇಲು. ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ನಿಯಮಗಳಾದ 1985ರ ಐಇಇಇ 754 ಸ್ಟ್ಯಾಂಡರ್ಡ್ ಅಂಥ ಐದನ್ನು ಗೊತ್ತು ಮಾಡಿದೆ. ಒಮ್ಮೆ ಎದ್ದ ಫ್ಲ್ಯಾಗ್ ನಾವು ಇಳಿಸುವವರೆಗೂ ಹಾಗೇ ಇರುತ್ತದೆ. ಸಾವಿರ ಲೆಕ್ಕ ಮುಗಿಸಿ ಕೊನೆಗೆ ಒಂದೇ ಸಲ ನೋಡಿದರೂ ಸಾಕು. ಎಲ್ಲ ಲೈಬ್ರರಿಗಳೂ ಇವನ್ನು ತಪ್ಪದೆ ಎತ್ತಲಿ. ಯಾವ ಫಂಕ್ಷನ್ ಯಾವಾಗ ಯಾವುದನ್ನು ಎತ್ತುತ್ತದೆ ಎಂದು ಅದರ ಕೈಪಿಡಿಯಲ್ಲೇ ಬರೆಯಲಿ. ಲಾಗ್‌ನಂಥ ಕಡೆ ಮಾತ್ರ, ಕೊಡುವ ಸಂಖ್ಯೆಯನ್ನು ಮೊದಲೇ ಪರೀಕ್ಷಿಸುವುದು ಎಲ್ಲಕ್ಕಿಂತ ಭದ್ರ.

ಪ್ರೋಗ್ರಾಮಿಂಗ್ ಕಲಿಸುವ ಶಿಕ್ಷಕರಲ್ಲಿ ಒಂದು ವಿನಂತಿ. 0ಯ ಲಾಗ್, ಮೈನಸ್ 1ರ ವರ್ಗಮೂಲ, 1000ದ ಎಕ್ಸ್‌ಪ್ — ಈ ಮೂರನ್ನೂ ಲ್ಯಾಬ್‌ನಲ್ಲಿ ಎರಡು ಬೇರೆ ಲೈಬ್ರರಿಗಳ ಮೇಲೆ ಓಡಿಸಿ ತೋರಿಸಿ. ಉತ್ತರದ ಜೊತೆಗೆ ಎರ್‌ನೋ ಮತ್ತು ಫ್ಲ್ಯಾಗ್‌ಗಳನ್ನೂ ವಿದ್ಯಾರ್ಥಿಗಳಿಂದ ಬರೆಸಿ.

— ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್