ಮಗಳಿಗೊಂದು ಪತ್ರ: ಬೋರ್ಡಿನ ಮೇಲಿನ ಹೆಸರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ಸಿಕ್ಕಿತು. 'ಆಫೀಸಿಗೆ ರಜೆ ಇತ್ತು, ಸುಮ್ನೆ ಹೋಗಿದ್ದೆ' ಅಂತ ಬರೆದಿದ್ದೀಯ. ಅಮ್ಮ ನೋಡಿ, ನೀನು ಬಡವಾಗಿದ್ದೀಯ ಅಂದಳು. ನಾನು ನೋಡಿದ್ದು ನಿನ್ನ ಹಿಂದಿರುವ ಐದಂತಸ್ತಿನ ಗೋಪುರ. ಮೂವತ್ತೈದು ವರ್ಷ ಸೈಟಿನಲ್ಲೇ ನಿಂತವನ ಕಣ್ಣು ಮೊದಲು ಸೂರಿಗೇ ಹೋಗುತ್ತದೆ, ಬೇಜಾರು ಮಾಡ್ಕೋಬೇಡ.

ಅದು ಒಸಾಕಾದ ಶಿತೆನ್ನೋಜಿ ಅಂತ ಗೊತ್ತಾದ ಮೇಲೆ ನಾಲ್ಕು ದಿನ ಮೊಬೈಲ್ ಹಿಡಿದು ಓದಿದ್ದೇ ಓದಿದ್ದು. ನಾಲ್ಕು ದಿಕ್ಕು ಕಾಯುವ ರಾಜರ ದೇವಸ್ಥಾನ ಅಂತ ಆ ಹೆಸರಿನ ಅರ್ಥವಂತೆ. ಅವರಲ್ಲಿ ಒಬ್ಬ ನಮ್ಮ ಕುಬೇರನೇ. ಅದನ್ನು ಕಟ್ಟಿದ ಮನೆತನದ ಹೆಸರು ಕೊಂಗೊ. ನಮ್ಮ 'ವಜ್ರ'ವೇ ಬೌದ್ಧರ ಜೊತೆ ಚೀನಾ ದಾಟಿ ಹೋಗಿ ಅಲ್ಲಿ ಕೊಂಗೊ ಆಗಿದೆ. ಅವರ ಕಂಪನಿ ಕೊಂಗೊ ಗುಮಿ.

ಶುರುವಾದ ವರ್ಷ 578 ಅಂತ ಅವರು ಹೇಳಿಕೊಳ್ಳುತ್ತಾರೆ. ಶಾಲೆಯಿಂದ ಬಾದಾಮಿಗೆ ಹೋಗಿದ್ದೆಯಲ್ಲ, ಅಲ್ಲಿನ ಮೂರನೇ ಗುಹೆಯ ಶಾಸನವೂ ಅದೇ ವರ್ಷದ್ದು. ಆಗ ಜಪಾನಿಗೆ ಬೌದ್ಧ ಧರ್ಮ ಹೊಸದು. ಅಂಥ ದೇವಸ್ಥಾನ ಕಟ್ಟಿ ಗೊತ್ತಿದ್ದವರು ಅಲ್ಲಿರಲಿಲ್ಲ. ಹಾಗಾಗಿ ಕೊರಿಯಾದ ಬೇಕ್ಜೆ ರಾಜ್ಯದಿಂದ ಮೂವರು ಬಡಗಿಗಳನ್ನು ಕರೆಸಿದರಂತೆ. ಅವರಲ್ಲೊಬ್ಬ ಕೊಂಗೊ ಶಿಗೆಮಿತ್ಸು. ಗಾರೆ ಕೆಲಸಕ್ಕೆ ಪರವೂರಿಂದ ಬಂದು ಇಲ್ಲೇ ಬೇರೂರಿದ ನಿನ್ನ ತಾತನ ಹಾಗೆಯೇ, ಅಲ್ವಾ? ಒಂದೇ ವ್ಯತ್ಯಾಸ. ನಮ್ಮದು ಎರಡು ತಲೆಮಾರು, ಅವರದ್ದು ನಲವತ್ತು.

ನಲವತ್ತು ತಲೆಮಾರು ಅಪ್ಪನಿಂದ ಹಿರಿಮಗನಿಗೆ ಅಂತ ಸಲೀಸಾಗಿ ಬಂದಿರಬೇಕು ಅಂದುಕೊಂಡಿದ್ದೆ. ಹಾಗಿಲ್ಲ. ಹಿರಿಮಗ ಕೈಲಾಗದವನಾದರೆ ಬೇರೆಯವನಿಗೆ ಕೊಡುತ್ತಿದ್ದರು. ಅಳಿಯನನ್ನು ಮನೆಗೇ ತಂದುಕೊಂಡು ತಮ್ಮ ಮನೆತನದ ಹೆಸರು ಕೊಡುತ್ತಿದ್ದರು. 1932ರಲ್ಲಿ ಇನ್ನೂ ದೊಡ್ಡ ಪರೀಕ್ಷೆ ಬಂತು. 37ನೇ ಯಜಮಾನ ಹರುಇಚಿ ಒಳ್ಳೇ ಕೆಲಸಗಾರ, ಆದರೆ ವ್ಯವಹಾರ ಬರದು. ಬಡತನ ತಾಳಲಾರದೆ ಹಿರಿಯರ ಸಮಾಧಿ ಎದುರೇ ಜೀವ ಕಳೆದುಕೊಂಡ. ಹೆಂಡತಿ ಯೊಶಿಎ 38ನೇ ಯಜಮಾನಿಯಾದಳು. ಅಷ್ಟು ಶತಮಾನದಲ್ಲಿ ಮೊದಲ ಹೆಂಗಸು. ಎರಡೇ ವರ್ಷಕ್ಕೆ, 1934ರಲ್ಲಿ, ಚಂಡಮಾರುತ ಬಂದು ಶಿತೆನ್ನೋಜಿಯ ಗೋಪುರ ಉರುಳಿತು. ಮತ್ತೆ ಕಟ್ಟುವ ಕೆಲಸ ಅವಳ ಪಾಲಿಗೆ ಬಂತು. 1940ಕ್ಕೆ ಕಟ್ಟಿ ಮುಗಿಸಿದಳು. ಯುದ್ಧದಲ್ಲಿ ದೇವಸ್ಥಾನದ ಕೆಲಸ ನಿಂತಾಗ ಮಿಲಿಟರಿಗೆ ಮರದ ಪೆಟ್ಟಿಗೆ ಮಾಡಿಸಿ ಕೆಲಸಗಾರರನ್ನು ಉಳಿಸಿಕೊಂಡಳು. 1945ರ ಬಾಂಬ್ ದಾಳಿಗೆ ಆ ಗೋಪುರವೂ ಸುಟ್ಟುಹೋಯಿತು. ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಹೆಚ್ಚು ಮಾತಾಡಲಿಲ್ಲ. 'ಇನ್ನೊಂದು ಸಲ ಓದಿ' ಅಂದಳು.

ನೀನು ಫೋಟೋ ತೆಗೆಸಿಕೊಂಡ ಗೋಪುರ 1959ರದ್ದು. ಮುಟ್ಟಿ ನೋಡಿದೆಯಾ? ಅದು ಮರವಲ್ಲ, ಆರ್‌ಸಿಸಿ. ಪದೇ ಪದೇ ಸುಟ್ಟುಹೋದದ್ದನ್ನು ಕಾಂಕ್ರೀಟಿನಲ್ಲಿ ಕಟ್ಟಿದರು. ತಪ್ಪಲ್ಲ. ಆದರೆ ಕಾಂಕ್ರೀಟ್ ಕಲಿತ ಮೇಲೆ ಕೊಂಗೊ ಗುಮಿ ಅಪಾರ್ಟ್‌ಮೆಂಟ್ ಕೆಲಸಕ್ಕೂ ಕೈ ಹಾಕಿತು. ಅಲ್ಲಿ ದೊಡ್ಡ ದೊಡ್ಡ ಕಂಪನಿಗಳ ಜೊತೆ ಪೈಪೋಟಿ. ರೇಟು ಇಳಿಸದೆ ಕೆಲಸ ಸಿಗದು. ಎಂಬತ್ತರ ದಶಕದಲ್ಲಿ ಜಪಾನಿನಲ್ಲಿ ಜಾಗದ ಬೆಲೆ ಆಕಾಶಕ್ಕೇರಿತ್ತಲ್ಲ, ಆಗ ಸಾಲ ಮಾಡಿ ಜಾಗವನ್ನೂ ಕೊಂಡರು. ಬೆಲೆ ಕುಸಿಯಿತು. ಸಾಲ ಹಾಗೇ ಉಳಿಯಿತು.

ಇದನ್ನು ಓದುವಾಗ ಫೋನ್ ಕೆಳಗಿಟ್ಟೆ. ಬೈಪಾಸ್ ಪಕ್ಕದ ಆ ಸೈಟು ನೆನಪಿದೆಯಾ? ನೀನು ಪಿಯುಸಿಯಲ್ಲಿದ್ದಾಗ ಸಾಲ ಮಾಡಿ ತಗೊಂಡದ್ದು. ಆ ಬಡ್ಡಿ ತೀರಿಸೋಕೆ ಲಾಸಿಗೆ ಕೆಲಸ ಹಿಡಿದೆ. ಮೋಲ್ಡ್ ಹಾಕಿದ ಮನೆಗೆ ಕ್ಯೂರಿಂಗ್ ಮಾಡಿಸೋಕೂ ಆಳು ಇರಲಿಲ್ಲ. ನೀನೇ ಕಾಲೇಜಿಂದ ಬಂದು ಪೈಪ್ ಹಿಡಿದು ನೀರು ಹಾಕುತ್ತಿದ್ದೆ.

ಕೊಂಗೊ ಮನೆಯ 32ನೇ ಯಜಮಾನ ಮುಂದಿನವರಿಗೆ ಅಂತ 16 ಬುದ್ಧಿಮಾತು ಬರೆದಿಟ್ಟಿದ್ದ. ಅಳತೆ ಮೀರಿ ಕುಡಿಯಬೇಡ, ನಿನ್ನ ಅಂತಸ್ತಿಗೆ ಮೀರಿದ್ದಕ್ಕೆ ಕೈ ಹಾಕಬೇಡ, ಟೆಂಡರಿಗೆ ಪ್ರಾಮಾಣಿಕವಾಗಿ ಲೆಕ್ಕ ಕೊಡು. ಮೊದಲನೆಯದನ್ನು ನಾನು ಪಾಲಿಸಿದ್ದೇನೆ. ಎರಡನೆಯದರ ಕಥೆ ಈಗ ಹೇಳಿದೆ. ಮೂರನೆಯದು... ನೀನು ಊರಿಗೆ ಬಂದಾಗ ಮಾತಾಡೋಣ.

2006ರಲ್ಲಿ ಸಾಲ ತಾಳಲಾರದೆ ಕೊಂಗೊ ಗುಮಿ ಒಸಾಕಾದ್ದೇ ಆದ ತಕಮಾತ್ಸು ಅನ್ನುವ ಕಟ್ಟಡ ಕಂಪನಿಯ ಕೈಗೆ ಹೋಯಿತು. 40ನೇ ಯಜಮಾನನಿಗೆ ಕಂಪನಿಯ ಮೇಲಿನ ಮನೆತನದ ಒಡೆತನ ಮುಗಿಯಿತು. ಹೆಸರು ಉಳಿದಿದೆ. ಬಡಗಿಗಳೂ ಉಳಿದಿದ್ದಾರೆ. ಮಿಯಾದೈಕು ಅಂತ ಅವರನ್ನು ಕರೆಯುತ್ತಾರೆ, ದೇವಸ್ಥಾನದ ಬಡಗಿಗಳು. ಈಗಲೂ ಗುಂಪು ಗುಂಪಾಗಿ ದೇವಸ್ಥಾನದ ಕೆಲಸವನ್ನೇ ಮಾಡುತ್ತಾರಂತೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಮ್ಮ ಕಂಪನಿಯನ್ನು ಬಿಟ್ಟುಕೊಡೋಣ ಅಂತ ಇದ್ದೇನೆ. ಗಾಬರಿ ಆಗಬೇಡ, ಮಾರುತ್ತಿಲ್ಲ. ನಿನ್ನ ಮೇಸ್ತ್ರಿ ಮಾಮನ ಮಗಳು ಡಿಪ್ಲೊಮಾ ಸಿವಿಲ್ ಮುಗಿಸಿ ಮೂರು ವರ್ಷದಿಂದ ನಮ್ಮಲ್ಲೇ ಇದ್ದಾಳೆ. ಬೆಳಿಗ್ಗೆ ಏಳಕ್ಕೆ ಸ್ಕೂಟಿಯಲ್ಲಿ ಸೈಟಿಗೆ ಬರುತ್ತಾಳೆ. ರಸಮಟ್ಟ ಇಟ್ಟು ನೋಡಿ, ಓರೆ ಇದ್ದರೆ ಅವರಪ್ಪ ಕಟ್ಟಿದ ಗೋಡೆಯನ್ನೇ ಬಿಚ್ಚಿಸುತ್ತಾಳೆ. ಅವನು ಬೈಯುತ್ತಾ ಮತ್ತೆ ಕಟ್ಟುತ್ತಾನೆ. ನೀನು ಕಂಪ್ಯೂಟರ್ ಕಡೆ ಹೋದಾಗ ನಾನು ಆರು ತಿಂಗಳು ಮುಖ ಊದಿಸಿಕೊಂಡಿದ್ದೆ. ಆ ತಪ್ಪನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಉಳಿದದ್ದು ಬೋರ್ಡಿನ ಮಾತು. ತಾತ ಬರೆಸಿದ 'ಅಂಡ್ ಸನ್ಸ್' ಇನ್ನೂ ಹಾಗೇ ಇದೆ. ಎರಡನೇ ಕ್ಲಾಸಿನಲ್ಲಿ ಅಕ್ಷರ ಕೂಡಿಸಿ ಓದಿ, 'ಅಪ್ಪಾ, ನಾನೆಲ್ಲಿ?' ಅಂತ ಕೇಳಿದ್ದೆ. ನಾನು ನಕ್ಕು ಸುಮ್ಮನಾಗಿದ್ದೆ. ಸೋಮವಾರ ಪೇಂಟರ್ ಬರುತ್ತಾನೆ. 'ಸನ್ಸ್' ಅಳಿಸಿದ ಜಾಗದಲ್ಲಿ ಏನು ಬರೆಸಲಿ? ಭಾನುವಾರ ಫೋನ್ ಮಾಡಿ ಹೇಳು.

ನಿನ್ನ
ಅಪ್ಪ