ವಿಷಯ: ಬರೆಯಲಾಗದ ಫೋಲ್ಡರಿಗೆ ನಿಮ್ಮ ತಂತ್ರಾಂಶ ಕೊಟ್ಟ ಹಸಿರು ಟಿಕ್

ಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು

ಮಾನ್ಯರೇ,

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ನನ್ನದೊಂದು ಅಡಿಕೆ ಮಂಡಿ. ನಿಮ್ಮ ಲೆಕ್ಕದ ತಂತ್ರಾಂಶ ಕೊಂಡು ಮೂರು ವರ್ಷವಾಯಿತು. ಇದು ಐದನೇ ದೂರು. ಮೊದಲ ನಾಲ್ಕನ್ನು ಫೋನಿನಲ್ಲಿ, ಮರ್ಯಾದೆಯಿಂದಲೇ ಹೇಳಿದ್ದೆ.

ಬ್ಯಾಕಪ್‌ಗೆ ಮುಂಚೆ ಪ್ರತಿ ಸಲ ಫೋಲ್ಡರನ್ನು ಪರೀಕ್ಷಿಸುತ್ತೇವೆ ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಪುಟದ ಸಂಖ್ಯೆ ನಾನು ಕೊಡಬೇಕಿಲ್ಲ, ಬರೆದವರು ನೀವೇ. ಒಂಬತ್ತು ದಿನ 'ಬರೆಯಲು ಸಾಧ್ಯ' ಎಂದು ಹಸಿರು ಟಿಕ್ ಬಂತು. ಹತ್ತನೇ ದಿನ ಕೌಂಟರ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಬ್ಯಾಕಪ್ ಇದ್ದದ್ದು ಬೇರೆ ಡಿಸ್ಕಿನಲ್ಲಿ ಎಂಬ ಧೈರ್ಯದಿಂದ ತೆರೆದು ನೋಡಿದರೆ ಒಂದು ಫೈಲೂ ಇಲ್ಲ. ಒಂಬತ್ತು ದಿನದ ಪಟ್ಟಿಗಳನ್ನು ನಾನೂ ಗುಮಾಸ್ತರೂ ಮತ್ತೆ ಕುಟ್ಟಿದೆವು. ಕಾರ್ಬನ್ ಪ್ರತಿಯ ಮಸುಕು ನೀಲಿಯಲ್ಲಿ ಅಡಿಕೆಯ ದರ್ಜೆ ರಾಶಿ ಯಾವುದು, ಬೆಟ್ಟೆ ಯಾವುದು ಎಂದು ಓದುವ ಸುಖ ನಿಮಗೂ ಒಮ್ಮೆ ಸಿಗಲಿ.

ಕಳೆದ ಸೋಮವಾರ ನಿಮ್ಮ ಸಹಾಯವಾಣಿಯ ಹುಡುಗನ ಜೊತೆ ಫೋನಿನಲ್ಲಿ ನಡೆದ ಮಾತುಕತೆಯನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ.

"ಸರ್, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ. ರೀಡ್ ಓನ್ಲಿಗೆ ಟಿಕ್ ಇದೆಯಾ?"

"ಟಿಕ್ ಇಲ್ಲಪ್ಪ. ಚೌಕದೊಳಗೆ ಇನ್ನೊಂದು ಚೌಕ ಇದೆ."

"ಅದನ್ನೇ ಟಿಕ್ ಅನ್ನೋದು ಸರ್. ತೆಗೆದು ಅಪ್ಲೈ ಒತ್ತಿ."

ಒತ್ತಿದೆ. ಮುಚ್ಚಿ ತೆರೆದರೆ ಚೌಕ ಮತ್ತೆ ಅಲ್ಲೇ.

"ಓಕೆ ಒತ್ತಿಲ್ಲ ನೀವು."

ಒತ್ತಿದ್ದೆ. ಹೀಗೆ ನಾಲ್ಕು ಸಲ. ಎದುರಿಗೆ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಪಟ್ಟಿಗೆ ಕಾದು ಕೂತಿದ್ದರು, ಫೋನು ಸ್ಪೀಕರಿನಲ್ಲಿತ್ತು. ಐದನೇ ಸಲಕ್ಕೆ ನಿಮ್ಮ ಹುಡುಗ, "ಸರ್, ಪಕ್ಕದಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ರೆ ಅವರಿಗೆ ಕೊಡಿ" ಅಂದ. ಬೆಳೆಗಾರರು ಪಾಪ ಕೈಚಾಚಿ, "ಕೊಡಿ ಸಾಹುಕಾರ್ರೆ, ನಾನ್ ನೋಡ್ತೀನಿ" ಅಂದರು.

ಕಂಪ್ಯೂಟರ್ ಗೊತ್ತಿರುವವನು, ನನ್ನ ಅಕ್ಕನ ಮಗ, ಭಾನುವಾರ ಬಂದ. ಆ ಚೌಕಕ್ಕೂ ಫೋಲ್ಡರಿನೊಳಗೆ ಬರೆಯುವುದಕ್ಕೂ ಸಂಬಂಧವೇ ಇಲ್ಲವಂತೆ. ಅದು ಒಳಗಿನ ಫೈಲುಗಳಿಗೆ ಅನ್ವಯಿಸುವಂಥದ್ದು. ನಿಜವಾದ ಅನುಮತಿ ಇರುವುದು ಸೆಕ್ಯುರಿಟಿ ಟ್ಯಾಬಿನಲ್ಲಿ. ಗುಮಾಸ್ತರ ಲಾಗಿನ್‌ಗೆ ಅಲ್ಲಿ ಓದುವ ಹಕ್ಕು ಮಾತ್ರ ಇತ್ತು. ಅದೇ ಲಾಗಿನ್‌ನಲ್ಲಿ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಲು ಹೋದರೆ ವಿಂಡೋಸ್ ಅನುಮತಿ ಇಲ್ಲ ಅಂತು. ಪಕ್ಕದಲ್ಲೇ ನಿಮ್ಮ ಟಿಕ್ ಹಸಿರಾಗಿ ನಗುತ್ತಿತ್ತು. ಅನುಮತಿ ಇದೆಯೇ ಎಂದು ಕೇಳಲು ನೀವು ವಿಂಡೋಸಿನಲ್ಲಿ ಸಿದ್ಧವಾಗಿ ಸಿಗುವ ಆಕ್ಸೆಸ್ ಎಂಬ ಫಂಕ್ಷನ್ ಕರೆದು ಕೈತೊಳೆದುಕೊಂಡಿರಬೇಕು ಎಂಬುದು ಅವನ ಅನುಮಾನ. ಡೈರೆಕ್ಟರಿಯ, ಅಂದರೆ ಫೋಲ್ಡರಿನ, ವಿಷಯದಲ್ಲಿ ಆ ಫಂಕ್ಷನ್ ಫೋಲ್ಡರ್ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ ಎಂದು ಮೈಕ್ರೋಸಾಫ್ಟ್‌ನವರೇ ಬರೆದಿದ್ದಾರೆ. ಗೋದಾಮಿಗೆ ಬಾಗಿಲಿದೆ ಅಂದಮಾತ್ರಕ್ಕೆ ಬೀಗದ ಕೈ ನಮ್ಮ ಹತ್ತಿರ ಇದೆಯೇ?

ವಿಂಡೋಸ್ ಬದಲು ಉಬುಂಟು ಇರುವ ಕಂಪ್ಯೂಟರಿನಲ್ಲಿ ತೊಂದರೆಯಾದಾಗ ನಿಮ್ಮವರು ಕೊಟ್ಟ ಮದ್ದು 'ಸುಡೋ ಹಾಕಿ ಓಡಿಸಿ', ಅಂದರೆ ಕಂಪ್ಯೂಟರಿನ ಸರ್ವಾಧಿಕಾರಿ ಬಳಕೆದಾರ 'ರೂಟ್' ಹೆಸರಿನಲ್ಲಿ ಓಡಿಸಿ. ಯಾರು ಓದಬಹುದು, ಯಾರು ಬರೆಯಬಹುದು ಎಂದು ಹೇಳುವ ಅನುಮತಿಯ ಅಂಕೆಗಳು ರೂಟ್‌ಗೆ ಅಡ್ಡ ಬರುವುದಿಲ್ಲ, ಟಿಕ್ ಬಂದೇ ಬಂತು. ಅಂದು ಹುಟ್ಟಿದ ಫೋಲ್ಡರೂ ಫೈಲುಗಳೂ ರೂಟ್‌ನ ಸ್ವತ್ತಾದವು. ಮರುದಿನ ಗುಮಾಸ್ತರು ಅದರಲ್ಲಿ ಒಂದಕ್ಷರ ಬರೆಯಲಾಗಲಿಲ್ಲ. ಮಗನ ಮ್ಯಾಕ್‌ನ ಕಥೆ ಬೇರೆ. ಮ್ಯಾಕ್‌ನ 2019ರ ಕ್ಯಾಟಲಿನಾ ಆವೃತ್ತಿಯಿಂದ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಕೈಹಾಕಲು ತಂತ್ರಾಂಶಕ್ಕೆ ಬಳಕೆದಾರನ ಒಪ್ಪಿಗೆ ಬೇಕು, ಅಂಕೆ ಸರಿಯಿದ್ದರೂ ಸಾಲದು. ಅದು ನಿಮಗಿನ್ನೂ ತಲುಪಿಲ್ಲ, ಇರಲಿ.

ಮೂರಕ್ಕೂ ಮದ್ದು ಒಂದೇ: ಫೋಲ್ಡರಿನಲ್ಲಿ ಚಿಕ್ಕದೊಂದು ಫೈಲ್ ಬರೆದು ನೋಡಿ, ಬರೆಯಲಾದರೆ ಅಳಿಸಿ, ಆಗದಿದ್ದರೆ ಬಾಯಿಬಿಟ್ಟು ಹೇಳಿ. ಆಮೇಲೆ ಡಿಸ್ಕ್ ತುಂಬಬಹುದು, ಅನುಮತಿ ಬದಲಾಗಬಹುದು. ಹಾಗಾಗಿ ಬ್ಯಾಕಪ್ ಬರೆಯುವಾಗ ಸೋತರೂ ಹೇಳಬೇಕು. ನಮ್ಮ ಹಮಾಲರೂ ಚೀಲ ಇಡಲು ಜಾಗವಿಲ್ಲದಿದ್ದರೆ ಕೂಗಿ ಹೇಳುತ್ತಾರೆ.

ಹಣ ವಾಪಸ್ ಬೇಡ. ಹದಿನೈದು ದಿನದೊಳಗೆ ಇದನ್ನು ಸರಿಪಡಿಸಿ ಲಿಖಿತ ಉತ್ತರ ಕೊಡದಿದ್ದರೆ ವಕೀಲರ ನೋಟಿಸ್ ಬರುತ್ತದೆ. ಅದಕ್ಕೂ ಮೊದಲು ಯಾರ್ಡಿನ ವರ್ತಕರ ಸಭೆಯಿದೆ. ಹಸಿರು ಟಿಕ್, ಪಕ್ಕದಲ್ಲಿ ಖಾಲಿ ಫೋಲ್ಡರ್, ಎರಡೂ ಇರುವ ಚಿತ್ರವನ್ನು ಅಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತೇನೆ. ನಿಮ್ಮ ತಂತ್ರಾಂಶ ಇಟ್ಟುಕೊಂಡ ಮಂಡಿಗಳು ಇಲ್ಲಿ ಎಷ್ಟಿವೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇತಿ,
ನಿಮ್ಮ ಗ್ರಾಹಕ (ಸದ್ಯಕ್ಕೆ)